ಅಜ್ಜಿ ‘ಪಿಸೊ’ ಅನ್ನುವುದು ಯಾರಿಗೆ

ಗೆಳೆಯರೇ, ನಾನು ಮಾಡಿದ ಒಂದು ಸರಿಯಾದ ಅನುವಾದದಿಂದ ಇವತ್ತು ಹಬ್ಬುವಾಡದಲ್ಲಿ ಒಂದು ಸಂಬಂಧ ಮುರಿದು ಬೀಳುವುದರಲ್ಲಿತ್ತು.

ಪಕ್ಕದ ಮನೆಯ ಹುಡುಗಿಯನ್ನು ನೋಡಲು ಹಾವೇರಿ ಕಡೆಯ ತಾಯಿ, ಮಗ ಬಂದಿದ್ದರು. ಮಗನಿಗೆ ಕದ್ರಾದಲ್ಲಿ ಕೆಲಸ. ನೆರೆಯವನೆಂದು ನನ್ನನ್ನೂ ಕರೆದಿದ್ದರು. ಮಾತಿನ ನಡುವೆ ವರ ಎದ್ದು ಹಿತ್ತಲಿಗೆ ಹೋದ. ಹುಡುಗಿಯ ಅಜ್ಜಿ ಅಲ್ಲಿ ಸಿಗಡಿ ಸುಲಿಯುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿಯಲ್ಲೇ ಕುಕ್ಕರಗಾಲಲ್ಲಿ ಕೂತು ಅವನೂ ಸುಲಿಯತೊಡಗಿದ.

“ಪಿಸೊ ರೇ ತೂ!” ಅಜ್ಜಿಯ ದನಿ ಒಳಗಿನವರೆಗೂ ಕೇಳಿಸಿತು.

“ಹಂಗಂದ್ರ ಏನ್ರಿ?” ವರನ ತಾಯಿ ನನ್ನನ್ನು ಕೇಳಿದರು.

“ಕೊಂಕಣಿ. ನೀನು ಹುಚ್ಚ ಅಂತ ಅರ್ಥ,” ಎಂದೆ.

ಅವರು ಚಹಾ ಕೆಳಗಿಟ್ಟು ಎದ್ದರು. “ನನ್ನ ಮಗಗ ಹುಚ್ಚ ಅನ್ನೋ ಮನಿ ನಮಗ ಬ್ಯಾಡ. ಬಾರಪಾ, ಹೋಗೂಣು!”

ಹುಡುಗಿಯ ಅಪ್ಪ ಬಾಗಿಲಿಗೆ ಅಡ್ಡ ನಿಂತರು. “ಅಕ್ಕಾ, ಕೂತ್ಕಳಿ. ನಮ್ಮ ಆಯಿ ಹೊರಗಿನೋರಿಗೆ ಹಂಗೆ ಹೇಳೂದೇ ಇಲ್ಲ. ಮನೆಯೋರಿಗೆ ಮಾತ್ರ. ನಂಗೆ ದಿನಾ ಹೇಳ್ತದೆ.”

ಅಷ್ಟರಲ್ಲಿ ಅಜ್ಜಿ ಒದ್ದೆ ಕೈಯಲ್ಲೇ ಬಂದು ವರನ ತಾಯಿಯ ಕೈ ಹಿಡಿದರು. “ಪಿಶಿ! ಊಟ ಮಾಡ್ದೆ ಹೋಗೂದಾ?”

ತಮ್ಮನ್ನೂ ಹುಚ್ಚಿ ಅಂದದ್ದು ತಿಳಿದು ವರನ ತಾಯಿಗೆ ನಗು ತಡೆಯಲಾಗಲಿಲ್ಲ. “ಹಂಗಾರ ನಾನೂ ಮನಿಯಾಕಿ ಆದೆ ಬಿಡ್ರಿ,” ಎಂದು ಕೂತರು. ಊಟ ಮುಗಿಯುವಷ್ಟರಲ್ಲಿ ಸಂಬಂಧ ಗಟ್ಟಿಯಾಗಿತ್ತು.

ನಾನು ಹೊರಡುವಾಗ ಅಜ್ಜಿ ಎಂದಿನಂತೆ ಕೈ ಮುಗಿದು, “ನೀವು ಭಾಳ ಬುದ್ಧಿವಂತರು,” ಎಂದರು. ಇಪ್ಪತ್ತು ವರ್ಷದಿಂದ ಪಕ್ಕದ ಮನೆಯಲ್ಲಿರುವ ನನಗೆ ಆ ಮಾತು ಇವತ್ತು ಮೊದಲ ಬಾರಿ ಚುಚ್ಚಿತು.