ಮೂರು ಫೋನುಗಳ ಸಾಕ್ಷಿ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಚೆನ್ನಾಗಿ ಕಲಿತದ್ದು ಒಂದೇ: ಎದುರಿನವರು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ನಮ್ಮ ಎರಡನೇ ವಾದ ಸಿದ್ಧವಿರಬೇಕು. ನಂದಗುಡಿ ಹತ್ತಿರದ ಚಿಕ್ಕಪ್ಪನ ಮನೆಯಲ್ಲಿ ಆ ವಿದ್ಯೆಯನ್ನು ಕೇಬಲ್‌ನವನ ಮೇಲೆ ಪ್ರಯೋಗಿಸಿದೆ.

ಚಿಕ್ಕಪ್ಪನ ಮಗಳಿಗೆ ಬೆಂಗಳೂರಿನ ಕಾಲೇಜೊಂದರಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಹಾಸ್ಟೆಲ್ ಆದರೆ ಮಾತ್ರ ಕಳಿಸುತ್ತೇನೆ ಎಂದು ಚಿಕ್ಕಪ್ಪ ಮೊದಲೇ ಹೇಳಿದ್ದರು. ಹಾಸ್ಟೆಲ್ ಅರ್ಜಿ ಹಾಕಲು ಅಂದು ಸಂಜೆ ಐದು ಗಂಟೆಯೇ ಕೊನೆ. ಫೋಟೋ, ಅಂಕಪಟ್ಟಿ ಎಲ್ಲ ಹೊಂದಿಸಿಕೊಂಡು ಮೂರು ಗಂಟೆಗೆ ಕೂತರೆ ವೆಬ್‌ಸೈಟೇ ತೆರೆಯಲಿಲ್ಲ.

ನನ್ನ ಫೋನು, ಅವಳದು, ಚಿಕ್ಕಮ್ಮನದು, ಮೂರರಲ್ಲೂ ನೋಡಿದೆ. ಮೂರರಲ್ಲೂ ಬಿಳಿ ಪರದೆ. ಆದರೆ ವಾಟ್ಸಾಪ್ ಮೆಸೇಜುಗಳು ಬರುತ್ತಲೇ ಇದ್ದವು. “ನೆಟ್ ಇದೆ. ಅವರ ಸರ್ವರ್ ಬಿದ್ದಿದೆ,” ಎಂದು ತೀರ್ಪು ಕೊಟ್ಟೆ.

“ಅಕ್ಕಾ, ನನ್ ಫ್ರೆಂಡು ಈಗ್ತಾನೆ ಹಾಕಿದ್ಳಂತೆ,” ಎಂದಳು ತಂಗಿ.

“ಒಬ್ಳ್ ಮಾತು ದೊಡ್ಡದಾ, ಮೂರು ಫೋನಿನ ಸಾಕ್ಷಿ ದೊಡ್ಡದಾ?”

ಅವಳಿಗೆ ಸಮಾಧಾನವಾಗಲಿಲ್ಲ. ಕೇಬಲ್‌ನವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಅವರ ಮನೆಯ ವೈಫೈ ಅವನದೇ; ಗೋಡೆಗಳೊಳಗೆ ಟವರ್ ಸಿಗದ ಮನೆಯಾದ್ದರಿಂದ ಎಲ್ಲರೂ ಅದನ್ನೇ ನಂಬಿಕೊಂಡಿದ್ದರು.

“ವೈಫೈ ಆಫ್ ಮಾಡಿ, ಟೆರೇಸಿಗೋಗಿ ಮೊಬೈಲ್ ಡಾಟಾದಲ್ಲಿ ಒಂದ್ಸಲ ನೋಡಿ ಮೇಡಂ.”

“ವೈಫೈ ಕೆಟ್ಟಿದ್ರೆ ವಾಟ್ಸಾಪ್ ಹೆಂಗ್ ಬರುತ್ತೆ? ಮೊದ್ಲು ಅದಕ್ಕೆ ಉತ್ತರ ಕೊಡಿ.”

“ಅದು ನಂಗೂ ಬಿಡ್ಸಿ ಹೇಳಕ್ ಬರಲ್ಲ. ಒಂದೊಂದ್ಸಲ ಹಂಗಾಯ್ತದೆ.”

“ಹಂಗಾಯ್ತದೆ ಅನ್ನೋದು ವಾದ ಅಲ್ಲ ಗುರು!”

ಚಿಕ್ಕಮ್ಮ ನಕ್ಕುಬಿಟ್ಟರು. ನನಗದು ಚಪ್ಪಾಳೆಯಂತೆ ಕೇಳಿಸಿತು. ಸರ್ವರ್ ಅವರದು, ತಪ್ಪೂ ಅವರದು, ಆದ್ದರಿಂದ ದಿನಾಂಕ ಮುಂದೂಡಲೇಬೇಕು ಎಂದು ಇನ್ನೊಂದು ವಾದ ಹೂಡಿದೆ. ತಂಗಿ ಎರಡು ಸಲ ಮೆಟ್ಟಿಲ ಕಡೆ ನೋಡಿದಳು. ಎರಡು ಸಲವೂ ನಾನೇ ಕೂರಿಸಿದೆ.

ಐದೂಕಾಲಿಗೆ ಕೇಬಲ್‌ನವನೇ ಬಂದ. ನನ್ನೊಡನೆ ಮಾತಿಗೆ ನಿಲ್ಲದೆ ತಂಗಿಯ ಫೋನು ಹಿಡಿದು ಟೆರೇಸು ಹತ್ತಿದ. ನಾವೂ ಹಿಂದೆ ಹೋದೆವು. ವೆಬ್‌ಸೈಟ್ ತಟ್ಟನೆ ತೆರೆಯಿತು. ಅರ್ಜಿ ಸಲ್ಲಿಸುವ ಅವಧಿ ಮುಗಿದಿದೆ ಎಂದಿತ್ತು.

ಆಮೇಲೆ ಓದಿ ತಿಳಿದುಕೊಂಡೆ. ನಾವು ವೆಬ್‌ಸೈಟಿನ ಹೆಸರು ಟೈಪ್ ಮಾಡುತ್ತೇವೆ. ಆ ಹೆಸರಿನ ಹಿಂದೆ ಅಂಕಿಗಳ ವಿಳಾಸವೊಂದಿರುತ್ತದೆ. ಅದನ್ನು ಹುಡುಕಿಕೊಡಲು ಬೇರೆಯೇ ಕಂಪ್ಯೂಟರ್ ಇರುತ್ತದೆ. ನಮ್ಮ ವೈಫೈ ಕೇಳುತ್ತಿದ್ದ ಕಂಪ್ಯೂಟರ್ ಅಂದು ಉತ್ತರಿಸುತ್ತಿರಲಿಲ್ಲ. ವಾಟ್ಸಾಪ್‌ಗೆ ಆಗಲೇ ದಾರಿ ಗೊತ್ತಿತ್ತು, ಕೇಳುವ ಅಗತ್ಯ ಬೀಳಲಿಲ್ಲ. ಇನ್ನು ನನ್ನ ಮೂರು ಸಾಕ್ಷಿಗಳು? ಮೂರೂ ಒಂದೇ ವೈಫೈಯನ್ನು ಕೇಳಿಕೊಂಡು ಬಂದು ಹೇಳಿದ್ದವು. ಎದುರಾಳಿ ಇಂಥ ಸಾಕ್ಷಿ ತಂದಿದ್ದರೆ ವೇದಿಕೆಯ ಮೇಲೆ ಅರ್ಧ ನಿಮಿಷದಲ್ಲಿ ಹರಿದು ಹಾಕುತ್ತಿದ್ದೆ.

ನಾವು ಕೆಳಗಿಳಿಯುವ ಹೊತ್ತಿಗೆ ಡೈರಿಗೆ ಹಾಲು ಹಾಕಿ ಚಿಕ್ಕಪ್ಪ ಬಂದರು. “ಏನಾಯ್ತವ್ವಾ, ಹಾಕಿದ್ರಾ?”

ನಾನು ಬಾಯಿ ತೆರೆಯುವ ಮೊದಲೇ ತಂಗಿ, “ಅವ್ರ ಸರ್ವರ್ ಬಿದ್ದೋಗಿತ್ತು ಕಣಪ್ಪಾ. ಅಕ್ಕ ಎಷ್ಟೊಂದ್ ಟ್ರೈ ಮಾಡಿದ್ಲು,” ಎಂದಳು.

“ನೀನಿದ್ದೂ ಆಗ್ಲಿಲ್ಲ ಅಂದ್ರೆ ಇನ್ಯಾರ ಕೈಲಾಯ್ತದೆ, ಬಿಡು,” ಎಂದರು ಚಿಕ್ಕಪ್ಪ, ನನಗೆ.

ಬಾಗಿಲಾಚೆ ಚಪ್ಪಲಿ ಮೆಟ್ಟುತ್ತಿದ್ದ ಕೇಬಲ್‌ನವನು ನನ್ನ ಮುಖ ನೋಡಿದ. ನಾನು ಚಿಕ್ಕಪ್ಪನ ಕೈಯಿಂದ ಹಾಲಿನ ಕ್ಯಾನು ತೆಗೆದುಕೊಂಡು ಒಳಗೆ ಹೋದೆ.

ತಂಗಿ ಈಗ ಹೊಸಕೋಟೆಯಲ್ಲಿ ಬಿ.ಕಾಂ ಓದುತ್ತಿದ್ದಾಳೆ. ಚಿಕ್ಕಪ್ಪ ಇಂದಿಗೂ ಆ ಸರ್ವರನ್ನು ಬೈಯುತ್ತಾರೆ. ನಾನು ಹೂಂ ಎನ್ನುತ್ತೇನೆ.