ಬ್ಯಾಂಕಿನ ಮುಂದೆ ನಾಲ್ಕು ಜನ

ತಿರಾನಾದ ಕೇಂದ್ರ ಬ್ಯಾಂಕಿನಲ್ಲಿ ಕಾಯ್ದೆ ಬರೆಯುವ ಪಾಂಡೆಲಿಯವರಿಗೆ ಹೆದರಿಕೆಯೇ ಹೊಟ್ಟೆಪಾಡು. ಯುರೋಪಿನ ಬ್ಯಾಂಕ್ ಕಾಯ್ದೆಯನ್ನು ಎಡಕ್ಕೂ ಅಲ್ಬೇನಿಯಾದ್ದನ್ನು ಬಲಕ್ಕೂ ಇಟ್ಟುಕೊಂಡು, ಒಂದೊಂದೇ ಕಲಮನ್ನು ತಾಳೆ ನೋಡಿ 'ಪೂರ್ತಿ ಹೊಂದಿಕೆಯಾಗಿದೆ' ಎಂದು ಬರೆಯುತ್ತಾರೆ; ಬರೆದೊಡನೆ ದೃಷ್ಟಿಯಾಗದಿರಲೆಂದು ಮೇಜಿನ ಮರ ಕುಟ್ಟುತ್ತಾರೆ. ಒಂದು ಅಲ್ಪವಿರಾಮ ತಪ್ಪಿದರೂ, ಯುರೋಪಿನ ಒಕ್ಕೂಟ ಸೇರಲು ಕಾದಿರುವ ದೇಶಕ್ಕೆ ಬ್ರಸೆಲ್ಸಿನವರು ಬಾಗಿಲು ಹಾಕಿಕೊಂಡಾರೆಂಬ ನಡುಕ. "ಬ್ಯಾಂಕ್ ಮುಳುಗಿದ್ರೂ ಏಳು ದಿನದಲ್ಲಿ ಜನರ ದುಡ್ಡು ವಾಪಸ್ ಅಂತ ನೀವೇ ಬರ್ದಿದೀರಲ್ಲ ಸಾರ್, ಇನ್ಯಾಕೆ ಭಯ?" ಎಂದು ಪಕ್ಕದ ಮೇಜಿನ ಮಿಮೋಜಾ ಕೆಣಕಿದರೆ, "ಬರ್ದಿರೋನು ನಾನೇ ಅಲ್ವೇನಮ್ಮಾ, ಅದಕ್ಕೇ ಭಯ" ಎನ್ನುತ್ತಾರೆ. ಯಾವುದೇ ಬ್ಯಾಂಕಿನ ಮುಂದೆ ನಾಲ್ಕು ಜನ ನಿಂತರೆ ಸಾಕು, ಅವರ ಎದೆ ಧಸಕ್ಕೆನ್ನುತ್ತದೆ. ತೊಂಬತ್ತೇಳರಲ್ಲಿ ದುಪ್ಪಟ್ಟು ಬಡ್ಡಿಯ ಕಂಪನಿಯೊಂದರ ಮುಚ್ಚಿದ ಬಾಗಿಲ ಮುಂದೆ, ಮನೆ ಮಾರಿ ಕಟ್ಟಿದ ದುಡ್ಡಿಗಾಗಿ ಅವರಪ್ಪ ಚಳಿಗಾಲವಿಡೀ ನಿಂತಿದ್ದರು. ಹಾಗಾಗಿ ಯಾರು ನಿಂತಿದ್ದರೂ ಹೋಗಿ ವಿಚಾರಿಸಲೇಬೇಕು. ಮೊನ್ನೆ ಬೆಳಿಗ್ಗೆ ಮಳೆಗೆ ಬ್ಯಾಂಕೊಂದರ ಸೂರಿನಡಿ ನಿಂತವರನ್ನೂ ಬಿಡಲಿಲ್ಲ: "ಇಲ್ಯಾಕ್ರೀ ನಿಂತಿದೀರಾ? ಏನಾದ್ರೂ ಆಯ್ತಾ?" ಈರುಳ್ಳಿ ಚೀಲ ಹಿಡಿದಿದ್ದ ಮುದುಕಿಯೊಬ್ಬಳು ಅವರ ಕೊರಳಲ್ಲಿದ್ದ ಕೇಂದ್ರ ಬ್ಯಾಂಕಿನ ಗುರುತುಚೀಟಿ ನೋಡಿದಳು, ಬಿಳಿಚಿದ ಮುಖ ನೋಡಿದಳು, ದುಡ್ಡು ತೆಗೆಯಲು ಒಳಗೆ ಹೋದಳು. ಉಳಿದವರೂ ಅವಳ ಹಿಂದೆಯೇ ನುಗ್ಗಿದರು. ಮಧ್ಯಾಹ್ನ ಪಾಂಡೆಲಿ ಊಟಕ್ಕೆ ಹೊರಬಂದಾಗ ಮಳೆ ನಿಂತಿತ್ತು. ಆ ಬ್ಯಾಂಕಿನ ಸಾಲು ಮಾತ್ರ ಮೂಲೆಯಲ್ಲಿ ಬೈರೆಕ್ ಎಂಬ ಖಾರದ ಪಫ್ ಮಾರುವ ಅಂಗಡಿಯನ್ನೂ ದಾಟಿತ್ತು. "ಏನಾಯ್ತಂತೆ ಸಾರ್?" ಎಂದು ಯಾರೋ ಕೇಳಿದರು. ತಾವೇ ಬರೆದ ಏಳು ದಿನದ ಕಲಮು ಬಾಯಿಗೆ ಬರಲಿಲ್ಲ. ಕಾಲು ತಾನಾಗಿಯೇ ಹೋಗಿ ಸಾಲಿನ ಕೊನೆಯಲ್ಲಿ ನಿಂತಿತು.