ಮೈಕಿನ ಮುಂದೆ ನಮ್ಮತ್ತೆ

ನನ್ನ ಮಗಳು ಕಳೆದುಹೋಗುತ್ತಾಳೆ. ಇನ್ನೂ ಹೋಗಿರಲಿಲ್ಲ, ಆದರೆ ಹೋಗಿಯೇ ಹೋಗುತ್ತಾಳೆ ಎಂಬ ಯೋಚನೆ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತ್ತು. ವಿದೇಶದ ದೊಡ್ಡದೊಂದು ಥೀಮ್ ಪಾರ್ಕಿನ ವಿಡಿಯೋವನ್ನು ಟ್ರಾವೆಲ್ ಏಜೆಂಟ್ ಮೊಬೈಲಿಗೆ ಕಳಿಸಿದ್ದ. ಮನೆಯವರೆಲ್ಲ ಅದರಲ್ಲಿ ಬಣ್ಣದ ಕೋಟೆ ನೋಡಿದರು, ಆಕಾಶಕ್ಕೇರಿ ತಲೆಕೆಳಗಾಗುವ ರೈಲು ನೋಡಿದರು. ನಾನು ನೋಡಿದ್ದು ಜನರನ್ನು. ಮೈಗೆ ಮೈ ತಾಗಿಸಿಕೊಂಡು ಹರಿಯುವ ಜನ, ಅವರ ಸೊಂಟದ ಮಟ್ಟದಲ್ಲಿ ಎಲ್ಲೋ ಒಂದು ಪುಟ್ಟ ತಲೆ. ಆ ತಲೆ ನನ್ನ ಮಗಳದು. ನನ್ನ ಕೈ ಬಿಟ್ಟುಹೋಗಿದೆ. ಸುತ್ತ ಯಾರಿಗೂ ನಮ್ಮ ಮಾತು ಬರುವುದಿಲ್ಲ.

ನಮ್ಮವರ ಹತ್ತಿರ ಹೇಳಿಕೊಂಡೆ. "ನೀನು ಮನೆಯೊಳಗೇ ಒಂದ್ಸಲ ಮಗುನ ಕಳಕೊಂಡಿದ್ಯಲ್ಲೇ, ಕಂಬಳಿ ಕೆಳಗಿದ್ಲು," ಎಂದು ನಕ್ಕರು. ನಾನು ನಗಲಿಲ್ಲ. ಆಗ ಅವರೂ ನಗು ನಿಲ್ಲಿಸಿದರು. "ನೋಡು, ಟಿಕೆಟ್ಟು, ರೂಮು ಎಲ್ಲ ಏಜೆಂಟು ಹಿಡಿದಿಟ್ಟಿದಾನೆ. ಭಾನುವಾರ ಸಂಜೆವರೆಗೂ ಕಾಯ್ತಾನೆ. ಹೂಂ ಅಂತೀಯೋ, ಬೇಡ ಅಂತೀಯೋ, ನೀನೇ ಫೋನ್ ಮಾಡಿ ಹೇಳು. ಆಮೇಲೆ ನನ್ನ ತಲೆ ಮೇಲೆ ಹಾಕ್ಬೇಡ."

ಬೇಡ ಎನ್ನುವುದು ಸುಲಭವಿತ್ತೇ? ಮಾತಿನ ಮಲ್ಲಿಯಾದ್ದರಿಂದ ನಮ್ಮ ಮಗಳಿಗೆ ಗಿಣಿ ಎಂದೇ ಹೆಸರು ಬಿದ್ದಿದೆ. ಅವಳು ಆಗಲೇ ಶಾಲೆಯ ವ್ಯಾನ್ ಡ್ರೈವರಿಗೆ, ಇಸ್ತ್ರಿಯವನಿಗೆ, ಲಿಫ್ಟಿನಲ್ಲಿ ಸಿಕ್ಕಿದ ಅಪರಿಚಿತರಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. ಆ ತಲೆಕೆಳಗಾಗುವ ರೈಲು ಹತ್ತಲು ಇಷ್ಟು ಎತ್ತರ ಇರಬೇಕು ಎಂದು ಯಾರೋ ಹೇಳಿದ್ದೇ ತಡ, ದಿನಾ ಸಂಜೆ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, "ಅಜ್ಜೀ, ಗೆರೆ ಎಳಿ!" ಎಂದು ಕೂಗುತ್ತಿದ್ದಳು. ನಮ್ಮತ್ತೆ ಪೆನ್ಸಿಲ್ ಹಿಡಿದು, ಮೊಮ್ಮಗಳ ಜುಟ್ಟನ್ನು ಒತ್ತಿ ಹಿಡಿದು, ನ್ಯಾಯವಾಗಿ ಗೆರೆ ಎಳೆಯುತ್ತಿದ್ದರು. ನಿನ್ನೆಯ ಗೆರೆಯ ಮೇಲೆಯೇ ಇವತ್ತಿನದೂ ಬೀಳುತ್ತಿತ್ತು.

ನಮ್ಮತ್ತೆಯ ವಿಷಯ ಸ್ವಲ್ಪ ಹೇಳಬೇಕು. ಅವರು ಊರಿನ ದೊಡ್ಡ ಬಸ್ ನಿಲ್ದಾಣದಲ್ಲಿ, ಗಾಜಿನ ಕಿಂಡಿಯ ಕೊಠಡಿಯೊಳಗೆ, ಮೈಕಿನ ಮುಂದೆ ಕೂತೇ ನಿವೃತ್ತಿಯಾದವರು. ಎಲ್ಲಿಗೆ ಹೋಗುವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ಹೊರಟೇಬಿಟ್ಟಿತು ಎಂದು ಹೇಳುವುದೇ ಅವರ ಕೆಲಸ. ಧ್ವನಿಯ ಬಗ್ಗೆ ಅವರಿಗೆ ಸಣ್ಣ ಜಂಬವೂ ಇದೆ. ಈಗಲೂ ಬೆಳಿಗ್ಗೆ ಎದ್ದು ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುತ್ತಾರೆ. ಅವರಿಗೆ ಪಿಸುಗುಟ್ಟಲು ಬರುವುದಿಲ್ಲ. ನಮ್ಮನೆಯ ಗುಟ್ಟನ್ನು ನನ್ನ ಕಿವಿಯಲ್ಲಿ ಹೇಳಿದರೆ ಎದುರುಮನೆಯ ದರ್ಜಿಯೂ ಹೂಂಗುಟ್ಟುತ್ತಾನೆ. ನೂರಾರು ಊರುಗಳ ಹೆಸರು ಅವರ ನಾಲಗೆಯ ತುದಿಯಲ್ಲಿವೆ. ಕಣ್ಣಿಂದ ಕಂಡದ್ದು ಮಾತ್ರ ಬೆರಳೆಣಿಕೆ.

ಪಾರ್ಕಿನ ಮಾತು ಬಂದ ದಿನ ನಮ್ಮವರು ಅವರನ್ನೂ ಕರೆದಿದ್ದರು. "ನಾನ್ಯಾಕೋ?" ಎಂದಿದ್ದರು ಅತ್ತೆ. "ನಾನು ಜನರನ್ನ ಹತ್ತಿಸಿ ಕಳಿಸೋಳು, ಹತ್ತೋಳಲ್ಲ. ನೀವು ಹೋಗ್ಬನ್ನಿ. ನಾನು ಗಿಡಕ್ಕೆ ನೀರು ಹಾಕ್ಕೊಂಡು ಆರಾಮಾಗಿರ್ತೀನಿ." ಮನೆಮಂದಿಯ ಜೊತೆ ಅವರಿಗೂ ಪಾಸ್‌ಪೋರ್ಟ್ ಮಾಡಿಸಿದ್ದೆವು. ಫೋಟೋ ಚೆನ್ನಾಗಿ ಬಂದಿದೆಯೆಂದು ಅದನ್ನು ಬೀರುವಿನಲ್ಲಿ ಸೀರೆಗಳ ನಡುವೆ ಜೋಪಾನವಾಗಿ ಇಟ್ಟಿದ್ದರು, ಅಷ್ಟೆ. ಯೋಚನೆ ಮಾಡಬೇಕಾದ ಜೀವ ಒಂದು ಕಡಿಮೆಯಾಯಿತು ಎಂದುಕೊಂಡು ನಾನೂ ಸುಮ್ಮನಾದೆ.

ನನ್ನ ಭಯಕ್ಕೆ ನಾನೇ ಮದ್ದು ಹುಡುಕಿದೆ. ಗಿಣಿಗೆ ಪಾಠ ಶುರುಮಾಡಿದೆ.

"ಅಮ್ಮ ಕಾಣಿಸ್ಲಿಲ್ಲ ಅಂದ್ರೆ ಏನ್ಮಾಡ್ಬೇಕು?"

"ಅಲ್ಲಾಡದೆ ನಿಂತ್ಕೋಬೇಕು."

"ಯಾರಾದ್ರೂ ಬಂದು ಮಾತಾಡಿಸಿದ್ರೆ?"

"ಮಾತಾಡ್ಬಾರ್ದು. ಹೆಸರು ಹೇಳ್ಬಾರ್ದು. ಹತ್ರ ಬಂದ್ರೆ ಓಡ್ಬೇಕು."

ನಿಲ್ಲುವುದಕ್ಕೂ ಓಡುವುದಕ್ಕೂ ಎಲ್ಲಿ ಹೊಂದುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಸೊಪ್ಪು ಬಿಡಿಸುತ್ತಾ ಕೂತಿದ್ದ ಅತ್ತೆ ಒಂದು ಸಲ ತಲೆಯೆತ್ತಿ, "ಯಾರ ಹತ್ರಾನೂ ಮಾತಾಡ್ಬೇಡ ಅಂದ್ರೆ ಹೇಗೇ?" ಎಂದರು. "ಕಾಲ ಕೆಟ್ಟಿದೆ ಅತ್ತೆ," ಎಂದೆ. ಅವರು ಮತ್ತೆ ಸೊಪ್ಪಿನ ಕಡೆ ತಿರುಗಿದರು.

ಭಾನುವಾರ ಬಂತು. ಹೋಗುವುದೋ ಬಿಡುವುದೋ, ಸೂಟ್‌ಕೇಸ್ ನೋಡಿಕೊಂಡು ಬರೋಣ ಎಂದು ನಾಲ್ವರೂ ಮನೆಸಾಮಾನಿನ ದೊಡ್ಡ ಅಂಗಡಿಗೆ ಹೋದೆವು. ಒಂದು ಮಹಡಿಯ ತುಂಬ ಸೂಟ್‌ಕೇಸು, ಪಕ್ಕದಲ್ಲಿ ಪರದೆ ಬಟ್ಟೆ, ಆಚೆಗೆ ಹಾಸಿಗೆ, ದಿಂಬು. ರಜಾದಿನವಾದ್ದರಿಂದ ಕಾಲಿಡಲು ಜಾಗವಿರಲಿಲ್ಲ. ಆ ಜನವನ್ನು ನೋಡುತ್ತಲೇ ನನಗೊಂದು ಬುದ್ಧಿ ಬಂತು. ಪಾಠ ಆಗಿದೆ, ಪರೀಕ್ಷೆಯೂ ಆಗಿಬಿಡಲಿ. ಗಿಣಿ ಒಂದು ಕೆಂಪು ಪೆಟ್ಟಿಗೆಯ ಗಾಲಿ ಉರುಳಿಸುತ್ತಿದ್ದಾಗ ನಾನು ಮೆಲ್ಲಗೆ ಸಾಲಿನ ಹಿಂದೆ ಸರಿದು ನಿಂತೆ. ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದು, ಆಮೇಲೆ ಇಣುಕಿದೆ.

ಕೆಂಪು ಪೆಟ್ಟಿಗೆ ಇತ್ತು. ಗಿಣಿ ಇರಲಿಲ್ಲ.

ಅಂಗಡಿಯ ಹುಡುಗಿಯೊಬ್ಬಳು ಪೆಚ್ಚಾಗಿ ನಿಂತಿದ್ದಳು. "ಅಯ್ಯೋ ಮೇಡಂ, ಒಬ್ಬಳೇ ಇದ್ಲಲ್ಲ, ಹೆಸರೇನು ಪುಟ್ಟಿ ಅಂತ ಕೇಳ್ದೆ. ದೆವ್ವ ಕಂಡ ಹಾಗೆ ಓಡಿಹೋದ್ಲು!"

ನನ್ನ ಪಾಠ ಚೆನ್ನಾಗಿಯೇ ತಲೆಗೆ ಹತ್ತಿತ್ತು. "ಗಿಣೀ! ಗಿಣೀ!" ಎಂದು ಕೂಗುತ್ತಾ ಸಾಲುಸಾಲು ಓಡಿದೆ. ನಮ್ಮವರು ಮೆಟ್ಟಿಲ ಕಡೆ ಓಡಿದರು. ಅಂಗಡಿಯವರೂ ಹುಡುಕಿದರು, ಆದರೆ ಅಪರಿಚಿತರು ಕರೆದಷ್ಟೂ ಅವಳು ಇನ್ನಷ್ಟು ಅಡಗುತ್ತಾಳೆ ಎಂದು ನನಗೆ ಗೊತ್ತಿತ್ತು. ಕಲಿಸಿದವಳು ನಾನೇ ಅಲ್ಲವೇ? ಬಾಗಿಲ ಬಳಿಯ ಕೌಂಟರಿಗೆ ಬರುವಷ್ಟರಲ್ಲಿ ನನಗೆ ಅಳು ಒತ್ತಿಕೊಂಡು ಬಂದಿತ್ತು.

ಅಲ್ಲಿ ಅತ್ತೆ ಆಗಲೇ ಕೈ ಚಾಚಿ ನಿಂತಿದ್ದರು. "ಆ ಮೈಕ್ ಕೊಡಮ್ಮ."

"ಇದು ಆಫರ್ ಹೇಳೋಕೆ ಅಜ್ಜಿ. ಮ್ಯಾನೇಜರ್‌ನ ಕೇಳ್ಬೇಕು," ಎಂದಳು ಕೌಂಟರಿನವಳು.

"ಅವರನ್ನೂ ಇದರಲ್ಲೇ ಕರೀತೀನಿ. ಕೊಡು ಇಲ್ಲಿ." ಮೈಕ್ ಕೈಗೆ ಬಂತು. ನನ್ನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿದರು. ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಗಂಟಲು ಸರಿಮಾಡಿಕೊಂಡರು.

"ಪ್ರಯಾಣಿಕರ ಗಮನಕ್ಕೆ."

ಇಡೀ ಅಂಗಡಿ ಗಪ್ಪಾಯಿತು. ಮನೆಯಲ್ಲಿ ದಿನವೂ ಕೇಳುವ ಧ್ವನಿಯೇ, ಆದರೆ ಇದು ಬೇರೆಯಾಗಿತ್ತು. ಅವಸರವಿಲ್ಲ, ಗಾಬರಿಯಿಲ್ಲ. ಛಾವಣಿಯಿಂದ ಇಳಿದು ಒಬ್ಬೊಬ್ಬರ ಭುಜದ ಮೇಲೆ ಕೈ ಇಟ್ಟ ಹಾಗೆ. ಹಾಸಿಗೆ ನೋಡುತ್ತಿದ್ದ ಒಬ್ಬ ವಯಸ್ಸಾದವರು ತಮ್ಮ ಬಸ್ಸೇ ಬಂತೇನೋ ಎಂಬಂತೆ ಕೈಚೀಲ ಎತ್ತಿಕೊಂಡರು.

"ಒಬ್ಬರು ಅಮ್ಮ ಕಳೆದುಹೋಗಿದ್ದಾರೆ. ಹಸಿರು ಸ್ವೆಟರ್ ಹಾಕಿದ್ದಾರೆ. ಕೂದಲು ಕೆದರಿದೆ. ತುಂಬಾ ಹೆದರಿದ್ದಾರೆ. ಅವರನ್ನು ಬಾಗಿಲ ಪಕ್ಕದ ಕೌಂಟರಿನಲ್ಲಿ ಕೂರಿಸಿಕೊಂಡಿದ್ದೇವೆ. ಈ ಅಮ್ಮ ಯಾರಿಗೆ ಸೇರಿದವರೋ, ಅವರು ದಯವಿಟ್ಟು ಬಂದು ಕರೆದುಕೊಂಡು ಹೋಗಬೇಕು."

ಮತ್ತೊಮ್ಮೆ ಹೇಳಿದರು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ನಾನು ಅಳುವುದನ್ನೇ ಮರೆತು ಅವರ ಮುಖ ನೋಡುತ್ತಿದ್ದೆ.

ಪರದೆ ಬಟ್ಟೆಗಳ ನಡುವಿನಿಂದ ಗಿಣಿ ಹೊರಬಂದಳು. ಅಳುತ್ತಿರಲಿಲ್ಲ. ಜವಾಬ್ದಾರಿ ಹೊತ್ತವಳ ಹಾಗೆ ದಾಪುಗಾಲು ಹಾಕಿಕೊಂಡು ಬಂದು, ನನ್ನತ್ತ ಬೆರಳು ತೋರಿಸಿ ಕೌಂಟರಿನವಳಿಗೆ ಹೇಳಿದಳು: "ಆ ಅಮ್ಮ ನಮ್ಮದು."

ಅತ್ತೆ ನಗಲಿಲ್ಲ. "ನಿಮ್ಮದೇ ಅನ್ನೋಕೆ ಗುರುತೇನಮ್ಮ?"

"ಅವಳು ಎಲ್ಲದಕ್ಕೂ ಹೆದರ್ತಾಳೆ."

"ಸರಿಹೋಯ್ತು. ಕರಕೊಂಡು ಹೋಗು."

ಗಿಣಿ ನನ್ನ ಕೈ ಹಿಡಿದುಕೊಂಡಳು. "ಅಳ್ಬೇಡ, ಸಿಕ್ಕಿದ್ಯಲ್ಲ. ಅಲ್ಲಾಡದೆ ನಿಂತ್ಕೋಬೇಕು ಅಂತ ನೀನೇ ಹೇಳ್ಕೊಟ್ಟಿದ್ದೆ, ನೀನೇ ಮರೆತ್ಯಾ?"

ಮನೆಗೆ ಬರುವಾಗ ಕಾರಿನಲ್ಲಿ ನಾನು ಅತ್ತೆಯ ಪಕ್ಕ ಕೂತೆ. ಇದೆಲ್ಲಿಯ ವಿದ್ಯೆ ಎಂದು ಕೇಳಿದೆ.

"ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ನಾನೂ ಮಗು ಕಳೆದಿದೆ ಅಂತಲೇ ಕೂಗ್ತಿದ್ದೆ," ಎಂದರು. "ಒಂದೂ ಬರ್ತಿರ್ಲಿಲ್ಲ. ತಾನು ಕಳೆದಿದೀನಿ ಅಂತ ಮಗುಗೆ ಎಲ್ಲಿ ಅನ್ಸುತ್ತೆ? ಬಸ್ಸು ನೋಡ್ತಾ ನಿಂತಿರುತ್ತೆ. ಹೆಸರು ಹಿಡಿದು ಕರೆದ್ರೆ ಬೈತಾರೆ ಅಂತ ಇನ್ನೂ ಮೂಲೆ ಸೇರುತ್ತೆ. ಅದೇ ನಿಮ್ಮಮ್ಮ ಕಳೆದಿದಾಳೆ ಅನ್ನು, ಓಡ್ಬರುತ್ತೆ ಕಣೇ. ಪಾಪ, ಅಮ್ಮಂಗೆ ಹೆದರಿಕೆಯಾಗುತ್ತೆ ಅಂತ."

"ಎಲ್ಲಾ ಮಕ್ಕಳೂ ಸಿಕ್ತಿದ್ವಾ ಅತ್ತೆ?"

ಅವರು ಕಿಟಕಿಯಾಚೆ ನೋಡಿದರು. "ಸಿಗೋವರೆಗೂ ನಾನು ಮನೆಗೆ ಹೋಗ್ತಿರ್ಲಿಲ್ಲ."

"ನನ್ನ ಕೇಳು," ಎಂದರು ಕಾರು ಓಡಿಸುತ್ತಿದ್ದ ನಮ್ಮವರು. "ಕಳೆದುಹೋದ ಮಕ್ಕಳ ಜೊತೆ ಆ ಮೈಕಿನ ಮೇಜಿನ ಕೆಳಗೇ ನಾನು ಬೆಳೆದದ್ದು. ಅವರ ಅಪ್ಪ ಅಮ್ಮ ಬಂದು ಕರಕೊಂಡು ಹೋಗೋರು. ನಮ್ಮಮ್ಮ ಎದುರಿಗೇ ಇದ್ರೂ ನನಗೆ ಸಿಗ್ತಿರ್ಲಿಲ್ಲ."

"ಊಟ ಹಾಕಿದ್ದು ಯಾರಪ್ಪ, ಕಂಡಕ್ಟರಾ?" ಎಂದು ಅತ್ತೆ ಹಿಂದಿನಿಂದಲೇ ಅವರ ತಲೆಗೆ ಮೊಟಕಿದರು. ಎಲ್ಲರೂ ನಕ್ಕರು. ನಾನು ಅತ್ತೆಯ ಕೈಯನ್ನೇ ನೋಡುತ್ತಿದ್ದೆ. ಎಷ್ಟು ಮಕ್ಕಳು ಆ ಕೈಯನ್ನು ಹಿಡಿದು ಕೂತು ಬಿಕ್ಕಳಿಸಿರಬಹುದು! ನನಗೆ ಒಂದೇ ಮಗುವಿನ ಚಿಂತೆ ಹೊರಲಾಗುತ್ತಿರಲಿಲ್ಲ. ಇವರು ಊರಿಗೆ ಊರನ್ನೇ ಹಡೆದವರ ಹಾಗೆ ಕಾದು ಕೂತವರು, ಮತ್ತೆ ಮನೆಗೆ ಬಂದು ಅನ್ನಕ್ಕಿಟ್ಟವರು.

ಬಾಗಿಲು ತೆಗೆದು ಒಳಗೆ ಬಂದ ಕೂಡಲೇ ಗಿಣಿ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು. ಅತ್ತೆ ಪೆನ್ಸಿಲ್ ತೆಗೆದುಕೊಂಡರು.

"ಅತ್ತೆ, ನೀವೂ ಬನ್ನಿ," ಎಂದೆ.

"ಎಲ್ಲಿಗೇ?"

"ಪಾರ್ಕಿಗೆ. ನೀವಿಲ್ಲದೆ ನನ್ನ ಕೈಲಾಗಲ್ಲ."

ಅವರು ಗೆರೆ ಎಳೆಯುವುದನ್ನು ನಿಲ್ಲಿಸಿದರು. ಜಂಬದ ನಮ್ಮತ್ತೆ ಮಾತಿಗೆ ತಡಕಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ವಿಮಾನದಲ್ಲಿ... ಅಲ್ಲೂ ಯಾರಾದ್ರೂ ಕೂಗಿ ಹೇಳ್ತಾರೇನೇ? ಎಲ್ಲಿ ಹತ್ತಬೇಕು ಅಂತ?"

"ಹೇಳ್ತಾರೆ ಅತ್ತೆ."

"ಕೇಳ್ಬೇಕು ಅದನ್ನ," ಎಂದರು. ಆಮೇಲೆ ಸೀರೆಗಳ ನಡುವಿನ ಪಾಸ್‌ಪೋರ್ಟ್ ತರಲು ಒಳಗೆ ಹೋದರು.

ಹೊರಗೆ ಬೀದಿದೀಪ ಹತ್ತಿಕೊಳ್ಳುತ್ತಿತ್ತು. ಏಜೆಂಟಿಗೆ ಫೋನ್ ಮಾಡಿದೆ.

"ಮೇಡಂ, ನೀವು ಮಾಡಲ್ಲ ಅಂದ್ಕೊಂಡಿದ್ದೆ. ಬೇಡ ಅಂತ ತಾನೆ?"

"ಹೋಗ್ತೀವಿ. ಮೂರಲ್ಲ, ನಾಲ್ಕು ಜನ. ನಮ್ಮತ್ತೆಗೆ ಕಿಟಕಿ ಪಕ್ಕದ ಸೀಟು ಬೇಕು."

"ಆಯ್ತು ಮೇಡಂ. ಮತ್ತೇನಾದ್ರೂ?"

ನನ್ನ ಸ್ವಭಾವ ಒಂದೇ ದಿನಕ್ಕೆ ಎಲ್ಲಿ ಹೋಗುತ್ತದೆ? "ಆ ಪಾರ್ಕಲ್ಲಿ ಮೈಕ್ ಇರೋ ಕೊಠಡಿ ಎಲ್ಲಿದೆ ಅಂತ ಸ್ವಲ್ಪ ವಿಚಾರಿಸಿ ಹೇಳ್ತೀರಾ?" ಎಂದೆ. "ಪರವಾಗಿಲ್ಲ, ನಾನು ಲೈನಲ್ಲೇ ಇರ್ತೀನಿ."